ಫ್ರೆಂಚ್ ಭೂತಕಾಲದ ಎರಡು ಊರುಗೋಲುಗಳು

ಹೊರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಭಾಷೆಗಳ ಕೊರತೆಯಿಲ್ಲ. ಮನೆಯಲ್ಲಿ ಕನ್ನಡ, ನೆರೆಹೊರೆಯಲ್ಲಿ ಮರಾಠಿಯೋ ತಮಿಳೋ ತೆಲುಗೋ, ಪೇಟೆಯಲ್ಲಿ ಹಿಂದಿ, ಪಾಠಶಾಲೆಯಲ್ಲಿ ಇಂಗ್ಲಿಷು. ಇಷ್ಟು ಸಾಲದೆಂಬಂತೆ ಮಹಾನಗರಗಳ ಅನೇಕ ಶಾಲೆಗಳಲ್ಲಿ ಫ್ರೆಂಚ್ ಭಾಷೆಯನ್ನು ಆರಿಸಿಕೊಳ್ಳುವ ಅವಕಾಶವೂ ಇದೆ. ವರ್ತಮಾನಕಾಲದ ಪಾಠಗಳು ನಡೆಯುವವರೆಗೆ ಎಲ್ಲವೂ ಸುಗಮ. ಭೂತಕಾಲದ ಪಾಠ ಬಂದೊಡನೆ ಮಕ್ಕಳ ಮುಖ ಬಾಡುತ್ತದೆ. ‘ತಿಂದೆ’ ಎನ್ನಲು ಒಂದು ಸಹಾಯಕ ಕ್ರಿಯಾಪದ, ‘ಹೋದೆ’ ಎನ್ನಲು ಇನ್ನೊಂದು; ಹೋದವಳು ಹೆಣ್ಣಾದರೆ ಕಾಗುಣಿತವೇ ಬೇರೆ; ತಿಂದದ್ದು ಏನೆಂದು ಮೊದಲೇ ಹೇಳಿದ್ದರೆ ಮತ್ತೊಂದು ಬದಲಾವಣೆ. ಕಾರಣ ಕೇಳಿದರೆ ‘ನಿಯಮ ಹಾಗಿದೆ, ಬಾಯಿಪಾಠ ಮಾಡಿ’ ಎಂಬ ಉತ್ತರವೇ ಸಾಮಾನ್ಯವಾಗಿ ದೊರೆಯುವುದು.

ಆದರೆ ಯಾವ ಭಾಷೆಯ ವ್ಯಾಕರಣವೂ ಮಕ್ಕಳನ್ನು ಕಾಡಲೆಂದು ಹುಟ್ಟಿದ್ದಲ್ಲ. ಇಂದು ಅರ್ಥವಿಲ್ಲದ ಕಟ್ಟಳೆಯಂತೆ ತೋರುವುದು ಒಂದು ಕಾಲದಲ್ಲಿ ಸಹಜವಾದ ಮಾತಾಗಿತ್ತು. ಫ್ರೆಂಚಿನ ಈ ಭೂತಕಾಲದ ಹಿಂದೆ ಎರಡು ಸಾವಿರ ವರ್ಷಗಳ ಚರಿತ್ರೆಯಿದೆ. ಅದನ್ನು ತಿಳಿದರೆ ನಿಯಮದ ಭಾರ ಅರ್ಧದಷ್ಟು ಇಳಿಯುತ್ತದೆ. ಉಳಿದ ಅರ್ಧ ಏಕೆ ಇಳಿಯುವುದಿಲ್ಲವೆಂಬುದೂ ಅದೇ ಚರಿತ್ರೆಯಿಂದಲೇ ತಿಳಿಯುತ್ತದೆ.

ಮೊದಲು ನಿಯಮವನ್ನು ಸ್ಥೂಲವಾಗಿ ನೋಡೋಣ. ಇಂದಿನ ಫ್ರೆಂಚ್ ಮಾತಿನಲ್ಲಿ ನಡೆದುಹೋದ ಸಂಗತಿಯನ್ನು ಹೇಳಲು ಬಳಸುವ ಮುಖ್ಯ ರೂಪಕ್ಕೆ ‘ಪಾಸೆ ಕೊಂಪೋಜೆ’ ಎಂದು ಹೆಸರು. ಎಂದರೆ ಸಂಯುಕ್ತ ಭೂತಕಾಲ. ಇದರಲ್ಲಿ ಎರಡು ಭಾಗಗಳಿವೆ. ಒಂದು, ಮುಖ್ಯ ಕ್ರಿಯೆಯ ಭೂತಕೃದಂತ. ಇನ್ನೊಂದು, ಅದಕ್ಕೆ ಊರುಗೋಲಾಗಿ ನಿಲ್ಲುವ ಸಹಾಯಕ ಕ್ರಿಯಾಪದದ ವರ್ತಮಾನ ರೂಪ. ಊರುಗೋಲುಗಳು ಎರಡು: ‘ಆವ್ವಾರ್’ ಎಂದರೆ ಹೊಂದಿರು, ‘ಎತ್ರ್’ ಎಂದರೆ ಇರು. ‘ಹಾಡಿದೆ’ ಎನ್ನಲು ‘ಜೆ ಶಾಂತೆ’. ಇಲ್ಲಿ ‘ಆವ್ವಾರ್’ ಇದೆ. ‘ಬಂದೆ’ ಎನ್ನಲು ‘ಜ ಸ್ವಿ ವೆನ್ಯೂ’. ಇಲ್ಲಿ ‘ಎತ್ರ್’ ಇದೆ. ಬಹುಪಾಲು ಕ್ರಿಯಾಪದಗಳಿಗೆ ಮೊದಲನೆಯದು ಬೇಕು. ಹೋಗು, ಬಾ, ಹೊರಡು, ತಲುಪು, ಹತ್ತು, ಇಳಿ, ಬೀಳು, ಹುಟ್ಟು, ಸಾಯು ಮೊದಲಾದ ಹದಿನೈದಿಪ್ಪತ್ತು ಕ್ರಿಯಾಪದಗಳಿಗೂ, ತನ್ನ ಮೇಲೆಯೇ ನಡೆಯುವ ಕ್ರಿಯೆಗಳಿಗೂ ಎರಡನೆಯದು ಬೇಕು.

ಈಗ ರೋಮಿಗೆ ಹೋಗೋಣ. ಫ್ರೆಂಚ್ ಹುಟ್ಟಿದ್ದು ಲ್ಯಾಟಿನ್‌ನಿಂದ. ಲ್ಯಾಟಿನ್‌ನಲ್ಲಿ ಭೂತಕಾಲಕ್ಕೆ ಊರುಗೋಲು ಬೇಕಿರಲಿಲ್ಲ. ‘ಸ್ಕ್ರಿಪ್ಸಿ’ ಎಂಬ ಒಂದೇ ಪದ ‘ಬರೆದೆ’ ಎಂದೂ ‘ಬರೆದಿದ್ದೇನೆ’ ಎಂದೂ ಅರ್ಥ ಕೊಡುತ್ತಿತ್ತು. ಆದರೆ ಅದರ ಪಕ್ಕದಲ್ಲಿಯೇ ಇನ್ನೊಂದು ಬಗೆಯ ಮಾತೂ ಇತ್ತು: ‘ಹಬೆಯೊ ಎಪಿಸ್ತುಲಮ್ ಸ್ಕ್ರಿಪ್ತಮ್’. ಪದಶಃ ಹೇಳುವುದಾದರೆ ‘ಬರೆಯಲ್ಪಟ್ಟ ಪತ್ರವನ್ನು ಹೊಂದಿದ್ದೇನೆ’. ನಮ್ಮ ಬಾಯಲ್ಲಿ ಬರುವ ‘ಪತ್ರ ಬರೆದಿಟ್ಟಿದ್ದೇನೆ’ ಎಂಬುದು ಇದಕ್ಕೆ ಹತ್ತಿರದ ಮಾತು. ಪತ್ರ ನನ್ನ ಬಳಿ ಇದೆ, ಅದು ಬರೆದ ಸ್ಥಿತಿಯಲ್ಲಿದೆ ಎಂಬುದಷ್ಟೇ ಇದರ ಮೂಲಾರ್ಥ. ‘ಸ್ಕ್ರಿಪ್ತಮ್’ ಎಂಬುದು ಇಲ್ಲಿ ಪತ್ರಕ್ಕೆ ವಿಶೇಷಣ. ಲ್ಯಾಟಿನ್‌ನಲ್ಲಿ ಪತ್ರ ಸ್ತ್ರೀಲಿಂಗ, ಏಕವಚನ. ಆದುದರಿಂದ ವಿಶೇಷಣವೂ ಸ್ತ್ರೀಲಿಂಗ, ಏಕವಚನ. ಇಂದು ಫ್ರೆಂಚ್ ಕಲಿಯುವ ಮಗುವನ್ನು ಕಾಡುವ ಲಿಂಗ ವಚನಗಳ ಹೊಂದಾಣಿಕೆಯ ಬೀಜ ಇರುವುದು ಇಲ್ಲಿ.

ಪತ್ರವನ್ನು ಬರೆದವರು ಯಾರು? ಮೂಲ ವಾಕ್ಯ ಅದನ್ನು ಹೇಳುವುದಿಲ್ಲ. ಬರೆದವನು ಗುಮಾಸ್ತನೂ ಆಗಿರಬಹುದು. ಆದರೆ ಬರೆದ ಪತ್ರ ನನ್ನಲ್ಲಿದ್ದರೆ ಬರೆದವನು ನಾನೇ ಆಗಿರುವುದು ಹೆಚ್ಚು ಸಂಭವ. ‘ತಿಳಿದುಕೊಂಡ ವಿಷಯವನ್ನು ಹೊಂದಿದ್ದೇನೆ’ ಎಂಬಂಥ ಮಾತಿನಲ್ಲಿಯಂತೂ ಹೊಂದಿದವನೂ ತಿಳಿದವನೂ ಒಬ್ಬನೇ. ಕ್ರಿಸ್ತಪೂರ್ವ ಮೊದಲ ಶತಮಾನದ ಸಿಸಿರೋ ಇಂಥ ಪ್ರಯೋಗಗಳನ್ನು ಧಾರಾಳವಾಗಿ ಮಾಡಿದ್ದಾನೆ. ಹೀಗೆ ಶತಮಾನಗಳುದ್ದಕ್ಕೂ ‘ಹೊಂದಿರು’ ಎಂಬುದರಿಂದ ಒಡೆತನದ ಅರ್ಥ ಸವೆಯುತ್ತ ಬಂತು. ಕ್ರಿಸ್ತಶಕ 6ನೆಯ ಶತಮಾನದಲ್ಲಿ ಗಾಲ್ ದೇಶದ ತೂರ್ ಪಟ್ಟಣದ ಬಿಷಪ್ ಗ್ರೆಗರಿಯ ಬರಹಗಳಿಗೆ ಬರುವಷ್ಟರಲ್ಲಿ, ಬಿಷಪ್ಪರನ್ನು ಆಹ್ವಾನಿಸಿದ ವಿಷಯಕ್ಕೂ ಇದೇ ರಚನೆ ಬಳಕೆಯಾಗುತ್ತದೆ. ಬಿಷಪ್ಪರನ್ನು ಯಾರೂ ಪೆಟ್ಟಿಗೆಯಲ್ಲಿಟ್ಟು ‘ಹೊಂದಿರು’ವುದಿಲ್ಲ! ಒಡೆತನ ಹೋಗಿ ಕಾಲ ಬಂದು ನೆಲೆಸಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಕುರುಹು ಬೇಡ.

ಇದು ಮೊದಲ ಊರುಗೋಲಿನ ಕಥೆ. ಎರಡನೆಯದು ಬಂದ ದಾರಿ ಬೇರೆ. ಬರೆದರೆ ಪತ್ರ ಉಳಿಯುತ್ತದೆ, ಕಟ್ಟಿದರೆ ಮನೆ ಉಳಿಯುತ್ತದೆ. ಆದರೆ ಸತ್ತರೆ, ಹುಟ್ಟಿದರೆ, ಬಂದರೆ ಕೈಯಲ್ಲಿ ಹೊಂದಲು ಏನೂ ಉಳಿಯುವುದಿಲ್ಲ, ಬದಲಾದವನು ಕರ್ತೃವೇ. ಆದುದರಿಂದ ಲ್ಯಾಟಿನ್‌ನಲ್ಲಿ ‘ಮೋರ್ತುಉಸ್ ಎಸ್ತ್’ ಎಂದರು, ಎಂದರೆ ‘ಮೃತನಾಗಿದ್ದಾನೆ’. ‘ನಾತುಸ್ ಎಸ್ತ್’ ಎಂದರು, ಎಂದರೆ ‘ಜಾತನಾಗಿದ್ದಾನೆ’. ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಲ್ಯಾಟಿನ್‌ನ ‘ಮೋರ್ತುಉಸ್’ ಮತ್ತು ಸಂಸ್ಕೃತದ ‘ಮೃತ’, ಅಲ್ಲಿನ ‘ನಾತುಸ್’ ಮತ್ತು ಇಲ್ಲಿನ ‘ಜಾತ’ ಒಂದೇ ಮೂಲದ ದಾಯಾದಿ ಪದಗಳು. ಕನ್ನಡದವರು ದಿನವೂ ಬಳಸುವ ಈ ಸಂಸ್ಕೃತ ಕೃದಂತಗಳೇ ಫ್ರೆಂಚಿನಲ್ಲಿ ‘ಇಲ್ ಎ ಮೋರ್’, ‘ಇಲ್ ಎ ನೆ’ ಎಂಬ ವಾಕ್ಯಗಳಲ್ಲಿ ವೇಷ ಮರೆಸಿಕೊಂಡು ಕುಳಿತಿವೆ. ಈ ಮಾದರಿಯನ್ನೇ ಅನುಸರಿಸಿ ಬಂದ, ಹೋದ, ಬಿದ್ದ, ಹೊರಟ ಎಂಬ ಕ್ರಿಯೆಗಳೂ ‘ಇರು’ವಿನ ಬೆನ್ನು ಹಿಡಿದವು. ಕೃದಂತವು ಕರ್ತೃವಿನ ವಿಶೇಷಣವಾದ್ದರಿಂದ ಬಂದವಳು ಹೆಣ್ಣಾದರೆ ಕೃದಂತವೂ ಹೆಣ್ಣಾಗಬೇಕು.

ಹತ್ತುವುದು, ಇಳಿಯುವುದು ಎಂಬಂಥ ಕೆಲವು ಕ್ರಿಯೆಗಳು ಎರಡು ಊರುಗೋಲನ್ನೂ ಹಿಡಿಯುವುದು ಏಕೆಂದು ಈಗ ತಿಳಿಯುತ್ತದೆ. ತಾನೇ ಮೇಲೆ ಹತ್ತಿದರೆ ‘ಜ ಸ್ವಿ ಮೋಂತೆ’. ಪೆಟ್ಟಿಗೆಯನ್ನು ಮೇಲಕ್ಕೆ ಹೊತ್ತರೆ ‘ಜೆ ಮೋಂತೆ ಲಾ ವಲೀಸ್’. ಮೊದಲನೆಯದರಲ್ಲಿ ಸ್ಥಳ ಬದಲಿಸಿದವನು ನಾನು; ಎರಡನೆಯದರಲ್ಲಿ ಪೆಟ್ಟಿಗೆ. ನಡೆಯುವುದು, ಓಡುವುದು ಚಲನೆಯೇ ಆದರೂ ‘ಆವ್ವಾರ್’ ಪಡೆಯುತ್ತವೆ. ಏಕೆಂದರೆ ಎಷ್ಟು ನಡೆದರೂ ಇಂಥಲ್ಲಿಗೆ ಮುಟ್ಟಿದೆವೆಂದು ಆ ಪದ ಹೇಳುವುದಿಲ್ಲ.

ಇಂಥ ವ್ಯವಸ್ಥೆ ಹೊರನಾಡ ಕನ್ನಡಿಗರಿಗೆ ಅಪರಿಚಿತವೇನೂ ಅಲ್ಲ. ಮುಂಬೈ, ಪುಣೆ, ದೆಹಲಿಗಳಲ್ಲಿ ನೆಲೆಸಿದ ನಮ್ಮವರು ಇದರ ಸಹೋದರನ ಕೈಯಲ್ಲಿ ಪೆಟ್ಟು ತಿಂದವರೇ. ‘ಲಡ್ಕೇ ನೇ ರೋಟೀ ಖಾಯೀ’ ಎಂಬಲ್ಲಿ ತಿಂದವನು ಗಂಡು, ಕ್ರಿಯಾಪದ ಮಾತ್ರ ಹೆಣ್ಣು! ಮರಾಠಿಯಲ್ಲೂ ಹಾಗೆಯೇ, ಹುಡುಗನು ಮಾವು ತಿಂದರೆ ‘ಖಾಲ್ಲಾ’, ಪೋಳಿ ತಿಂದರೆ ‘ಖಾಲ್ಲೀ’. ಕಾರಣವೂ ಅದೇ. ‘ಬಾಲಕೇನ ಕಥಾ ಲಿಖಿತಾ’ ಎಂಬ ಸಂಸ್ಕೃತ ರಚನೆಯಲ್ಲಿ ‘ಲಿಖಿತಾ’ ಕಥೆಗೆ ವಿಶೇಷಣ. ಆ ಕೃದಂತವೇ ಮುಂದೆ ಹಿಂದಿ ಮರಾಠಿಗಳ ಭೂತಕಾಲದ ಕ್ರಿಯಾಪದವಾಯಿತು. ಕರ್ಮದೊಡನೆ ಅದಕ್ಕಿದ್ದ ನಂಟು ಮಾತ್ರ ಕಳಚಲಿಲ್ಲ. ‘ಸಾ ಗತಾ’ ಎಂಬಂತೆ ಹೋಗುವ ಬರುವ ಕ್ರಿಯೆಗಳು ಕರ್ತೃವನ್ನೇ ಅನುಸರಿಸಿದವು. ಸಂಸ್ಕೃತದಲ್ಲಿ ತೃತೀಯಾ ವಿಭಕ್ತಿ ಮಾಡಿದ ಕೆಲಸವನ್ನು ಲ್ಯಾಟಿನ್‌ನಲ್ಲಿ ‘ಹೊಂದಿರು’ ಮಾಡಿತು, ಅಷ್ಟೇ ವ್ಯತ್ಯಾಸ. ಕನ್ನಡದ ಕ್ರಿಯಾಪದ ಕರ್ತೃವನ್ನಲ್ಲದೆ ಬೇರೆ ಯಾರನ್ನೂ ಲೆಕ್ಕಕ್ಕಿಡುವುದಿಲ್ಲವಾದ್ದರಿಂದ ನಮ್ಮವರ ಬಾಯಲ್ಲಿ ‘ರೋಟೀ ಖಾಯಾ’ ಎಂದು ಬರುವುದು ಸಹಜ.

ಮತ್ತೆ ಯುರೋಪಿಗೆ ಬರೋಣ. ಊರುಗೋಲಿಲ್ಲದೆ ನಡೆಯುತ್ತಿದ್ದ ಲ್ಯಾಟಿನ್ ಕ್ರಿಯಾಪದಕ್ಕೆ ಕಾಲಕ್ರಮೇಣ ದೌರ್ಬಲ್ಯ ಬಂತು. ಉಚ್ಚಾರಣೆ ಸವೆದು ಸ್ವರಗಳ ನಡುವಿನ ಬಕಾರ ವಕಾರಗಳು ಒಂದಾದಾಗ, ‘ಪ್ರೀತಿಸಿದನು’ ಎಂಬ ‘ಅಮಾವಿತ್’ಗೂ ‘ಪ್ರೀತಿಸುವನು’ ಎಂಬ ‘ಅಮಾಬಿತ್’ಗೂ ಕಿವಿಯಲ್ಲಿ ಭೇದವೇ ಉಳಿಯಲಿಲ್ಲ. ಆಗಲೂ ನೆರವಿಗೆ ಬಂದದ್ದು ‘ಹೊಂದಿರು’ ಎಂಬ ಕ್ರಿಯಾಪದವೇ. ಕ್ರಿಯೆಯ ಭಾವರೂಪದ ಹಿಂದೆ ಅದು ಅಂಟಿಕೊಂಡು ಹೊಸ ಭವಿಷ್ಯತ್ಕಾಲ ಹುಟ್ಟಿತು. ಇಂದಿನ ಫ್ರೆಂಚಿನಲ್ಲಿ ‘ಹಾಡುವೆನು’ ಎಂಬರ್ಥದ ‘ಶಾಂತ್ರೆ’ ಎಂಬ ಪದದ ಕೊನೆಯಲ್ಲಿರುವುದು ಆ ಊರುಗೋಲೇ. ಕ್ರಿಯೆಯ ಮುಂದೆ ನಿಂತರೆ ಭೂತ, ಹಿಂದೆ ಅಂಟಿದರೆ ಭವಿಷ್ಯತ್ತು!

813ರಲ್ಲಿ ತೂರ್ ಪಟ್ಟಣದಲ್ಲಿ ಸೇರಿದ ಧರ್ಮಸಭೆ, ಪಾದ್ರಿಗಳು ಜನರಿಗೆ ತಿಳಿಯುವ ಹಳ್ಳಿಯ ರೋಮನ್ ಭಾಷೆಯಲ್ಲಿ ಉಪದೇಶ ಮಾಡಬೇಕೆಂದು ವಿಧಿಸಿತು. ಲ್ಯಾಟಿನ್ ಜನರಿಗೆ ಅರ್ಥವಾಗುತ್ತಿಲ್ಲವೆಂಬುದನ್ನು ಒಪ್ಪಿಕೊಂಡಂತಾಯಿತು. 842ರಲ್ಲಿ ಶಾರ್ಲಮೇನನ ಇಬ್ಬರು ಮೊಮ್ಮಕ್ಕಳು ಸ್ಟ್ರಾಸ್‌ಬರ್ಗಿನಲ್ಲಿ ಪರಸ್ಪರ ಮಾಡಿಕೊಂಡ ಪ್ರತಿಜ್ಞೆಗಳೇ ಫ್ರೆಂಚಿನ ಅತ್ಯಂತ ಹಳೆಯ ಲಿಖಿತ ರೂಪವೆಂದು ಹೇಳುತ್ತಾರೆ. ಅದರಲ್ಲಿ ಈ ಹೊಸ ಭವಿಷ್ಯತ್ಕಾಲ ಆಗಲೇ ಕಾಣಿಸಿಕೊಂಡಿದೆ. ಸುಮಾರು 1100ರ ಹೊತ್ತಿಗೆ ರಚಿತವಾದ ‘ರೋಲಾಂದನ ಗೀತೆ’ ಎಂಬ ವೀರಕಾವ್ಯದಲ್ಲಿ ಹಳೆಯ ಸರಳ ಭೂತ, ಹೊಸ ಸಂಯುಕ್ತ ಭೂತ, ವರ್ತಮಾನ ಮೂರೂ ಬೆರೆತು ಹರಿಯುತ್ತವೆ. ಆ ಕಾಲದಲ್ಲಿ ಪದಗಳ ಕ್ರಮವೂ ಸಡಿಲ. ಕರ್ಮ ಕೃದಂತಕ್ಕೆ ಮೊದಲೂ ಬರಬಹುದು, ನಡುವೆಯೂ ಬರಬಹುದು, ಕೊನೆಯಲ್ಲೂ ಬರಬಹುದು. ಹೊಂದಾಣಿಕೆಯನ್ನು ಬಹುಮಟ್ಟಿಗೆ ಮಾಡುತ್ತಿದ್ದರಾದರೂ ಕಡ್ಡಾಯವಾಗಿರಲಿಲ್ಲ.

ಕಾಲ ಕಳೆದಂತೆ ಪದಕ್ರಮ ಗಟ್ಟಿಯಾಯಿತು. ಊರುಗೋಲು ಮೊದಲು, ಕೃದಂತ ಅದರ ಬೆನ್ನಿಗೆ, ಕರ್ಮ ಕೊನೆಗೆ. ಊರುಗೋಲೂ ಕೃದಂತವೂ ಹತ್ತಿರ ಬಂದು ಒಂದೇ ಪದದಂತಾದ ಮೇಲೆ ಕೃದಂತವು ಕರ್ಮದ ವಿಶೇಷಣವೆಂಬ ಪ್ರಜ್ಞೆ ಮಸುಕಾಯಿತು. ಹೀಗಿರುವಾಗ, ಫ್ರಾನ್ಸಿನ ದೊರೆ ಒಂದನೆಯ ಫ್ರಾಂಸ್ವಾನ ಆಸ್ಥಾನ ಕವಿ ಕ್ಲೆಮಾಂ ಮಾರೋ 1538ರಲ್ಲಿ ತನ್ನ ಶಿಷ್ಯರಿಗೆಂದು ಒಂದು ಪುಟ್ಟ ಪದ್ಯ ಪ್ರಕಟಿಸಿದನು. ಕರ್ಮ ಮೊದಲು ಬಂದರೆ ಕೃದಂತ ಅದರೊಡನೆ ಹೊಂದಬೇಕು ಎಂಬುದು ಅದರ ಬೋಧೆ. ಅದಕ್ಕೆ ಅವನು ತೋರಿಸಿದ ಮಾದರಿ ಇಟಾಲಿಯನ್ ಭಾಷೆ. ‘ಪತ್ರ ಬರೆದೆ’ ಎನ್ನುವಾಗ ‘ಜೆ ಎಕ್ರಿ ಲಾ ಲೆತ್ರ್’. ‘ನಾನು ಬರೆದ ಪತ್ರ’ ಎನ್ನುವಾಗ ‘ಲಾ ಲೆತ್ರ್ ಕ ಜೆ ಎಕ್ರಿತ್’. ಕೊನೆಯಲ್ಲಿ ಕೇಳುವ ಆ ತಕಾರವೇ ರೋಮಿನ ‘ಸ್ಕ್ರಿಪ್ತಮ್’ನ ಉಳಿಕೆ. ಭಾಷೆಯ ಹರಿವಿನಲ್ಲಿ ಕರಗುತ್ತಿದ್ದ ಒಂದು ಹೆಜ್ಜೆಗುರುತಿನ ಅರ್ಧವನ್ನು ಹೀಗೆ ಕಟ್ಟೆ ಕಟ್ಟಿ ಉಳಿಸಿದಂತಾಯಿತು. ಮುಂದಿನ ವೈಯಾಕರಣರು ಅದಕ್ಕೆ ಮತ್ತಷ್ಟು ಉಪನಿಯಮಗಳನ್ನು ಸೇರಿಸಿದರು.

17ನೆಯ ಶತಮಾನ ಫ್ರೆಂಚಿಗೆ ಶಾಸನಯುಗ. 1635ರಲ್ಲಿ ಕಾರ್ಡಿನಲ್ ರಿಶ್ಲ್ಯೂ ಫ್ರೆಂಚ್ ಅಕಾಡೆಮಿಯನ್ನು ಸ್ಥಾಪಿಸಿದನು. ಆಗ ಇದ್ದ ಇನ್ನೊಂದು ಪ್ರಶ್ನೆ, ಸರಳ ಭೂತ ಎಲ್ಲಿ, ಸಂಯುಕ್ತ ಭೂತ ಎಲ್ಲಿ ಎಂಬುದು. ವೈಯಾಕರಣರು ಒಂದು ವಿಚಿತ್ರ ಗಡಿ ಹಾಕಿದರು: ನಡೆದ ಸಂಗತಿಗೂ ಹೇಳುವ ಹೊತ್ತಿಗೂ ನಡುವೆ ಒಂದು ರಾತ್ರಿ ಕಳೆದಿದ್ದರೆ ಸರಳ ಭೂತ, ಇಂದೇ ನಡೆದದ್ದಾದರೆ ಸಂಯುಕ್ತ ಭೂತ. ಇದಕ್ಕೆ ಇಪ್ಪತ್ತನಾಲ್ಕು ಗಂಟೆಗಳ ನಿಯಮವೆಂದೇ ಹೆಸರು ಬಂತು. 1660ರ ಪ್ರಸಿದ್ಧ ಪೋರ್ ರುವಾಯಾಲ್ ವ್ಯಾಕರಣದಲ್ಲೂ ಇದು ದಾಖಲಾಗಿದೆ. ಕೋರ್ನೆಯ್‌ನ ‘ಲ ಸಿದ್’ ನಾಟಕ 1637ರಲ್ಲಿ ರಂಗಕ್ಕೇರಿ ಜಯಭೇರಿ ಹೊಡೆದಾಗ, ಅದರ ಗುಣದೋಷ ವಿಚಾರಿಸಲು ಕುಳಿತ ಅಕಾಡೆಮಿ ಕಂಡುಹಿಡಿದ ದೋಷಗಳಲ್ಲಿ ಇದೂ ಒಂದು: ಒಂದು ಪಾತ್ರ ತಾನು ಆಗತಾನೆ ಮಾಡಿದ ಅವಮಾನವನ್ನು ಸರಳ ಭೂತದಲ್ಲಿ ಹೇಳಿದೆ, ಸಂಯುಕ್ತ ಭೂತದಲ್ಲಿ ಹೇಳಬೇಕಿತ್ತು! ಕವಿ ಮುಂದಿನ ಆವೃತ್ತಿಯಲ್ಲಿ ಆ ಸಾಲನ್ನೇ ಬದಲಿಸಿದನು.

ಗಡಿ ಕೃತಕವಾದರೂ ಭೇದ ನಿಜವಾದದ್ದೇ. ಅದು ಕನ್ನಡದ ‘ಬಂದ’, ‘ಬಂದಿದ್ದಾನೆ’ಗಳ ಭೇದಕ್ಕೆ ಹತ್ತಿರದ್ದು. ‘ಮಾವ ಬಂದ’ ಎಂದರೆ ಬಂದ ಸಂಗತಿ ಮುಗಿಯಿತು. ‘ಮಾವ ಬಂದಿದ್ದಾರೆ’ ಎಂದರೆ ಅವರು ಇನ್ನೂ ಮನೆಯಲ್ಲಿದ್ದಾರೆ, ಅಡಿಗೆಗೆ ಅಕ್ಕಿ ಹೆಚ್ಚಿಗೆ ಹಾಕಬೇಕು. ಕನ್ನಡ ಈ ಎರಡನ್ನೂ ಕಾಪಾಡಿಕೊಂಡಿದೆ. ಫ್ರೆಂಚ್ ಕಾಪಾಡಿಕೊಳ್ಳಲಿಲ್ಲ. ಅಕಾಡೆಮಿಯ ಕಣ್ಣೆದುರಿನಲ್ಲಿಯೇ ಜನರ ಮಾತಿನಲ್ಲಿ ಸಂಯುಕ್ತ ಭೂತ ಒಂದೊಂದೇ ದಿನ ಹಿಂದಕ್ಕೆ ಸರಿಯುತ್ತ, ನಿನ್ನೆಯನ್ನೂ ಮೊನ್ನೆಯನ್ನೂ ಕೊನೆಗೆ ನೂರು ವರ್ಷದ ಹಿಂದಿನದನ್ನೂ ಆಕ್ರಮಿಸಿತು. ಭಾಷಾವಿಜ್ಞಾನಿ ಆಂತ್ವಾನ್ ಮೆಯ್ಯೆ 1909ರಲ್ಲಿ ಬರೆದ ಲೇಖನದಲ್ಲಿ ಸರಳ ಭೂತದ ಕಣ್ಮರೆಯನ್ನೇ ವಿಷಯವಾಗಿಸಿಕೊಂಡನು. ಸರಳ ಭೂತದ ರೂಪಗಳು ಕ್ರಿಯಾಪದಕ್ಕೊಂದು ಪುರುಷಕ್ಕೊಂದು ಎಂಬಂತೆ ಜಟಿಲ. ಸಂಯುಕ್ತ ಭೂತಕ್ಕೆ ಎರಡು ಊರುಗೋಲಿನ ವರ್ತಮಾನ ರೂಪಗಳೂ ಒಂದು ಕೃದಂತವೂ ತಿಳಿದರೆ ಸಾಕು. ಮಾತಾಡುವ ಜನ ಸುಲಭವಾದದ್ದನ್ನು ಆರಿಸಿಕೊಂಡರೆಂದರೆ ಅಚ್ಚರಿಯಿಲ್ಲ. ದಕ್ಷಿಣ ಜರ್ಮನಿಯ ಮತ್ತು ಉತ್ತರ ಇಟಲಿಯ ಆಡುಮಾತುಗಳೂ ಇದೇ ದಾರಿ ಹಿಡಿದವು.

ಸರಳ ಭೂತ ಸತ್ತಿಲ್ಲ. ಪುಸ್ತಕದೊಳಗೆ ಹೋಗಿ ಕುಳಿತಿದೆ. ಕಾದಂಬರಿ, ಚರಿತ್ರೆ, ಮಕ್ಕಳ ಕಥೆಗಳಲ್ಲಿ ಅದು ಇಂದಿಗೂ ಕಾಣುತ್ತದೆ. ಆದುದರಿಂದಲೇ ಆಲ್ಬೇರ್ ಕಾಮೂ 1942ರಲ್ಲಿ ‘ಲೆತ್ರಾಂಜೆ’ ಕಾದಂಬರಿಯ ನಿರೂಪಣೆಯನ್ನು ಸಂಯುಕ್ತ ಭೂತದಲ್ಲಿ ನಡೆಸಿದಾಗ ಓದುಗರು ಬೆಚ್ಚಿದರು. ಮನೆಯಲ್ಲಿ ಆಡುವ ಮಾತು ಸಾಹಿತ್ಯದ ಸಿಂಹಾಸನವೇರಿತ್ತು. ಪ್ರತಿ ವಾಕ್ಯವೂ ಒಂದರಿಂದ ಒಂದು ಕಡಿದುಹೋದ ದ್ವೀಪದಂತೆ ನಿಲ್ಲುತ್ತದೆಂದು ಮರುವರ್ಷ ಸಾರ್ತ್ರ್ ವಿವರಿಸಿದನು. 1959ರಲ್ಲಿ ಎಮಿಲ್ ಬೆನ್ವೆನಿಸ್ತ್, ಇವು ಹಳೆಯ ಹೊಸ ಎಂಬ ಭೇದವಲ್ಲ, ಒಂದು ಚರಿತ್ರೆ ಹೇಳುವ ಕಾಲ, ಇನ್ನೊಂದು ‘ನಾನು’ ‘ನೀನು’ ಎಂದು ಎದುರುಬದುರು ಮಾತಾಡುವ ಕಾಲ ಎಂದು ತೋರಿಸಿಕೊಟ್ಟನು.

ಎರಡು ಊರುಗೋಲುಗಳಲ್ಲಿಯೂ ಸಮಬಲವಿಲ್ಲ. ‘ಹೊಂದಿರು’ ಮುಂದೊತ್ತುತ್ತದೆ, ‘ಇರು’ ಹಿಂದೆಗೆಯುತ್ತದೆ. ಸ್ಪ್ಯಾನಿಷ್ ಭಾಷೆ ಈ ಕೆಲಸದಲ್ಲಿ ‘ಇರು’ವನ್ನು ಎಂದೋ ಕೈಬಿಟ್ಟಿತು. ಇಂಗ್ಲಿಷಿನಲ್ಲೂ ‘ಹಿ ಈಸ್ ಕಮ್’ ಎಂಬ ಹಳೆಯ ರೂಪ ಹೋಗಿ ‘ಹಿ ಹ್ಯಾಸ್ ಕಮ್’ ನಿಂತಿತು. ಫ್ರೆಂಚ್ ಮತ್ತು ಇಟಾಲಿಯನ್ ಅದನ್ನು ಉಳಿಸಿಕೊಂಡಿವೆಯಾದರೂ, ಕೆನಡಾದ ಕ್ವೆಬೆಕ್ ಪ್ರಾಂತದ ಆಡುಮಾತಿನಲ್ಲಿ ‘ಬಿದ್ದೆ’ ಎನ್ನಲು ‘ಆವ್ವಾರ್’ ಹಿಡಿದವರು ಬೇಕಾದಷ್ಟು ಮಂದಿ. ಶಾಲೆಯಲ್ಲಿ ಅದನ್ನು ತಪ್ಪೆಂದು ತಿದ್ದುತ್ತಾರೆ.

ತಿದ್ದುವ ಮಾತು ಬಂದದ್ದರಿಂದ ಮತ್ತೆ ಆ ಹೊಂದಾಣಿಕೆಯ ನಿಯಮಕ್ಕೆ ಬರಬೇಕು. ಬಹುಪಾಲು ಕ್ರಿಯಾಪದಗಳಲ್ಲಿ ಅದು ಕಿವಿಗೆ ಕೇಳುವುದೇ ಇಲ್ಲ. ಬಂದವನಿಗೂ ಬಂದವಳಿಗೂ ಉಚ್ಚಾರಣೆ ‘ವೆನ್ಯೂ’ ಒಂದೇ. ಬರೆಯುವಾಗ ಮಾತ್ರ ಒಂದಕ್ಷರ ಹೆಚ್ಚು. ಆದುದರಿಂದ ಅದು ಮಾತಿನ ನಿಯಮವಲ್ಲ, ಉಕ್ತಲೇಖನದ ನಿಯಮ. ಅದನ್ನು ತಪ್ಪಿದವನು ಅವಿದ್ಯಾವಂತನೆಂಬ ಮುದ್ರೆ ಹೊರಬೇಕಾಗುತ್ತದೆ. 1900ರಲ್ಲಿ ಫ್ರಾನ್ಸಿನ ಶಿಕ್ಷಣ ಸಚಿವಾಲಯ, ‘ಆವ್ವಾರ್’ನೊಡನೆ ಬರುವ ಕೃದಂತವನ್ನು ಬದಲಿಸದೆ ಬರೆದರೂ ಪರೀಕ್ಷೆಯಲ್ಲಿ ತಪ್ಪೆಂದು ಎಣಿಸಬೇಕಾಗಿಲ್ಲವೆಂದು ಆದೇಶಿಸಿತು. ಅಕಾಡೆಮಿ ಆಕ್ಷೇಪಿಸಿತು. 1901ರ ಫೆಬ್ರವರಿಯಲ್ಲಿ ಹೊರಟ ಹೊಸ ಆದೇಶ ಆ ವಿನಾಯಿತಿಯನ್ನು ಕೆಲವೇ ಸಂದರ್ಭಗಳಿಗೆ ಮೊಟಕುಗೊಳಿಸಿತು. 2018ರಲ್ಲಿ ಬೆಲ್ಜಿಯಂನ ಇಬ್ಬರು ಮಾಜಿ ಫ್ರೆಂಚ್ ಉಪಾಧ್ಯಾಯರಾದ ಆರ್ನೋ ಹೂಟ್ ಮತ್ತು ಜೆರೋಮ್ ಪಿರೋನ್ ಪ್ಯಾರಿಸಿನ ‘ಲಿಬೆರಾಸ್ಯೋಂ’ ಪತ್ರಿಕೆಯಲ್ಲಿ ಇದೇ ಬೇಡಿಕೆಯನ್ನು ಮತ್ತೆ ಮುಂದಿಟ್ಟಾಗ ದೊಡ್ಡ ವಾಗ್ವಾದವೇ ನಡೆಯಿತು. ಈ ನಿಯಮಕ್ಕೆ ಕೊಡುವ ಪಾಠದ ಹೊತ್ತನ್ನು ಓದಿಗೂ ರಚನೆಗೂ ಕೊಡಬಾರದೇಕೆ ಎಂಬುದು ಒಂದು ಪಕ್ಷ. ಭಾಷೆಯ ಆಸ್ತಿಯನ್ನು ಕರಗಿಸಬಾರದೆಂಬುದು ಇನ್ನೊಂದು ಪಕ್ಷ.

ಎರಡು ಪಕ್ಷಗಳ ಮಾತಿನಲ್ಲಿಯೂ ಹುರುಳಿದೆ. ಆದರೆ ಒಂದು ವಿಷಯವನ್ನು ಗಮನಿಸದಿರಲಾಗದು. ಒಡೆತನದಿಂದ ಕಾಲಕ್ಕೆ, ವಿಶೇಷಣದಿಂದ ಕ್ರಿಯಾಪದಕ್ಕೆ ನಡೆದ ದೊಡ್ಡ ಪಯಣವನ್ನು ಯಾವ ಅಕಾಡೆಮಿಯೂ ಗೊತ್ತುಮಾಡಲಿಲ್ಲ. ಅದನ್ನು ನಡೆಸಿದವರು ಅಕ್ಷರ ಬಾರದ ರೈತರು, ಸೈನಿಕರು, ತಾಯಂದಿರು. ಪಂಡಿತರು ಮಾಡಿದ್ದು ದಾರಿಯಲ್ಲಿ ಒಂದು ಮೈಲಿಗಲ್ಲನ್ನು ನೆಟ್ಟು ಇದೇ ಊರು ಎಂದದ್ದು.

ನಮ್ಮ ಭಾಷೆಯಲ್ಲೂ ಈ ಪಯಣ ನಡೆದಿದೆ, ನಡೆಯುತ್ತಲೂ ಇದೆ. ‘ಬಂದು ಇದ್ದಾನೆ’ ಎಂಬ ಎರಡು ಪದಗಳು ಬೆಸೆದು ‘ಬಂದಿದ್ದಾನೆ’ ಆಯಿತು. ಅದೇ ಅರ್ಥಕ್ಕೆ ಧಾರವಾಡದ ಕಡೆ ‘ಬಂದಾನ’ ಎನ್ನುತ್ತಾರೆ; ‘ಹೋಗ್ಯಾನ’, ‘ಮಾಡ್ಯಾನ’ ಎನ್ನುತ್ತಾರೆ. ಮೈಸೂರಿನ ಕಡೆಯವರ ಕಿವಿಗೆ ಅದು ‘ಬಂದಾನು’ ಎಂಬ ಸಂಭಾವನೆಯಂತೆ ಕೇಳಿಸಬಹುದು. ನಮ್ಮ ಸಂಘಗಳ ಸಭೆಗಳಲ್ಲಿ ಇಬ್ಬರೂ ಅಕ್ಕಪಕ್ಕ ಕುಳಿತಿರುವಾಗ ಯಾರದು ಶುದ್ಧ ಎಂಬ ತಕರಾರು ಒಮ್ಮೊಮ್ಮೆ ಏಳುವುದುಂಟು. ಎರಡೂ ನಡೆದುಬಂದ ಕಾಲುದಾರಿಗಳೇ ಎಂದು ತಿಳಿದರೆ ತಕರಾರಿಗೆ ಎಡೆಯಿರದು.

ಫ್ರೆಂಚ್ ಓದುವ ಮಗುವಿಗೆ ನಿಯಮವನ್ನು ಕಲಿಯದೆ ಗತಿಯಿಲ್ಲ. ಪರೀಕ್ಷೆ ಚರಿತ್ರೆಯನ್ನು ಕೇಳುವುದಿಲ್ಲ. ಆದರೂ ಯಾವ ಊರುಗೋಲು ಹಿಡಿಯಬೇಕೆಂದು ಅದು ತಡವರಿಸುವಾಗ ಮನೆಯ ಹಿರಿಯರು ಒಂದು ಮಾತು ಹೇಳಿಕೊಡಬಹುದು. ಕ್ರಿಯೆ ಮುಗಿದ ಮೇಲೆ ಬದಲಾಗಿ ಉಳಿದದ್ದು ಯಾವುದು ಎಂದು ಕೇಳಿಕೋ. ಬರೆದ ಪತ್ರವೋ, ಬಂದ ಮನುಷ್ಯನೋ? ಪತ್ರವಾದರೆ ‘ಆವ್ವಾರ್’, ಮನುಷ್ಯನಾದರೆ ‘ಎತ್ರ್’. ಹತ್ತರಲ್ಲಿ ಎಂಟು ಸಲವಾದರೂ ಉತ್ತರ ಸರಿಯಾದೀತು. ಉಳಿದೆರಡಕ್ಕೆ ಬಾಯಿಪಾಠ ಇದ್ದೇ ಇದೆ.